ಐವತ್ತು ಏರಿಸಿ, ಐವತ್ತು ಇಳಿಸಿ

ಪ್ರತಾಪನಗರ, ನಾಗಪುರ
ಭಾನುವಾರ, ೧೮ ಜನವರಿ ೨೦೨೬

ನನ್ನ ಮುದ್ದು ಸೌಜನ್ಯಾ,

ಲಕೋಟೆಯ ಮೇಲೆ ನನ್ನ ಕೈಬರಹ ನೋಡಿ ಗಾಬರಿ ಬೀಳಬೇಡ. ನನಗೆ ಏನೂ ಆಗಿಲ್ಲ. ಬಿ.ಪಿ. ಸರಿಯಾಗಿದೆ, ಮಂಡಿ ತನ್ನ ಪಾಡಿಗೆ ತಾನು ಕಿರಿಕಿರಿ ಮಾಡಿಕೊಂಡಿದೆ, ಬಾಲವಾಡಿಯ ಮಕ್ಕಳು ನನ್ನ ಸೀರೆಗೆ ಬಣ್ಣ ಮೆತ್ತುವುದನ್ನು ಬಿಟ್ಟಿಲ್ಲ. ದಿನಾ ಸಂಜೆ ಫೋನ್ ಮಾಡುವ ಅಮ್ಮ ಪತ್ರ ಯಾಕೆ ಬರೆದಳು ಅಂತ ಕೇಳುತ್ತೀಯ, ಗೊತ್ತು. ಫೋನಿನಲ್ಲಿ ನೀನು ಬ್ಯಾಂಕಿನ ಮೆಟ್ಟಿಲು ಇಳಿಯುತ್ತಾ, ಸ್ಕೂಟರಿನ ಕೀಲಿ ಹುಡುಕುತ್ತಾ, ಹ್ಞಾಂ ಅಮ್ಮ, ಮುಂದೆ ಹೇಳು, ಮುಂದೆ ಹೇಳು ಅನ್ನುತ್ತೀಯ. ಇದು ಮೆಟ್ಟಿಲು ಇಳಿಯುತ್ತಾ ಕೇಳುವ ವಿಷಯವಲ್ಲ. ಇನ್ನೊಂದು ಕಾರಣವೂ ಇದೆ. ಜಬಲ್‌ಪುರದ ನಿಮ್ಮ ಮನೆಯಲ್ಲಿ ಕನ್ನಡ ಓದಬಲ್ಲವಳು ನೀನೊಬ್ಬಳೇ. ಅಶ್ವಿನ್ ಬಂಗಾರದಂಥ ಅಳಿಯ, ಒಪ್ಪಿದೆ. ಆದರೆ ಬೇರೆ ಭಾಷೆಯಲ್ಲಿ ಬರೆದು, ಅವನು ಮೊದಲು ಓದಿ ನಿನಗೆ ಮರಾಠಿಯಲ್ಲಿ ಸಾರಾಂಶ ಹೇಳುವುದು ನನಗೆ ಬೇಡ. ನಿನಗಾಗಿ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಒತ್ತಕ್ಷರ ಬಂದಲ್ಲಿ ನಿಂತು ಓದು, ಹಾರಿಸಿಕೊಂಡು ಓಡಬೇಡ.

ಕ್ರಿಸ್‌ಮಸ್ ರಜೆಗೆ ಬಂದಿದ್ದಿರಲ್ಲ, ಆ ದಿನದಿಂದ ಶುರು ಮಾಡುತ್ತೇನೆ. ಬಾಗಿಲ ಪಕ್ಕದ ಗೋಡೆಯಲ್ಲಿ ನಿಮ್ಮಪ್ಪನ ಗೂಟ ಇದೆ. ಆರ್ಡ್‌ನನ್ಸ್ ಫ್ಯಾಕ್ಟರಿಯಿಂದ ಬಂದ ಕೂಡಲೇ ಚೀಲ, ಟೋಪಿ ಎರಡನ್ನೂ ಅದಕ್ಕೇ ನೇತುಹಾಕಿ ಆಮೇಲೆಯೇ ನನ್ನ ಕಡೆ ತಿರುಗುತ್ತಿದ್ದರು. ಅವರು ಹೋಗಿ ಒಂಬತ್ತು ವರ್ಷವಾಯಿತು. ಆ ಗೂಟಕ್ಕೆ ನಾವಿಬ್ಬರೂ ಒಂದು ಕೊಡೆಯನ್ನೂ ಸಿಕ್ಕಿಸಿದವರಲ್ಲ. ನೀನು ಒಳಗೆ ಬಂದಾಗ ಅದರ ಮೇಲೆ ಒಂದು ಕಂದು ಮಫ್ಲರ್ ಇತ್ತು. ನೀನು ಅದನ್ನು ತೆಗೆದೆ, ನೀಟಾಗಿ ಮಡಚಿದೆ, ಮೇಜಿನ ಮೇಲೆ ಇಟ್ಟೆ. ಯಾರದ್ದು ಅಂತ ಕೇಳಲಿಲ್ಲ. ನಿನ್ನ ಮುಖ ಸಣ್ಣದಾಯಿತು. ಆಮೇಲೆ ಇದ್ದಷ್ಟು ದಿನವೂ ನನ್ನ ಜೊತೆ ಅತಿಥಿಯ ಹಾಗೆ ನಡೆದುಕೊಂಡೆ. ಚಹಾ ಚೆನ್ನಾಗಿದೆ ಅಮ್ಮ, ಥ್ಯಾಂಕ್ಸ್ ಅಮ್ಮ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನನಗೆ ಥ್ಯಾಂಕ್ಸ್ ಹೇಳಿದಳಲ್ಲ ಅಂತ ನೀವು ರೈಲು ಹತ್ತಿದ ಮೇಲೆ ಕೂತು ಅತ್ತೆ.

ಮಫ್ಲರ್ ಹೃಷಿಕೇಶ ರಾಯರದ್ದು. ನಮ್ಮ ಕನ್ನಡ ಬಳಗದ ಕಾರ್ಯದರ್ಶಿ, ನೀನು ಚಿಕ್ಕಂದಿನಿಂದ ನೋಡಿದವರೇ. ಮೊನ್ನೆ ಸಂಕ್ರಾಂತಿಯ ದಿನ ಅವರು ನನ್ನನ್ನು ಮದುವೆಯಾಗುತ್ತೀರಾ ಅಂತ ಕೇಳಿದರು. ನನ್ನ ಮಗಳನ್ನು ಕೇಳದೆ ಉತ್ತರ ಕೊಡುವುದಿಲ್ಲ ಅಂದಿದ್ದೇನೆ.

ಇಷ್ಟು ಓದಿ ಪತ್ರ ಕೆಳಗಿಡಬೇಡ, ತಾಯೀ. ಇನ್ನೂ ಎಷ್ಟೋ ಪುಟ ಇದೆ, ಮತ್ತು ಅದರಲ್ಲಿ ಹೆಚ್ಚಿನದು ಪರ್ಸೆಂಟ್ ಲೆಕ್ಕ. ನಗಬೇಡ. ಇದೆಲ್ಲ ಆದದ್ದೇ ಪರ್ಸೆಂಟ್‌ನಿಂದ. ನೀನು ಬ್ಯಾಂಕಿನವಳು, ನಿನಗೆ ಅದು ಬಾಯಿಪಾಠ. ನಾನು ಬಾಲವಾಡಿಯವಳು, ನನ್ನ ಗಣಿತ ನೂರರ ತನಕ ಎಣಿಸಿ ಚಪ್ಪಾಳೆ ತಟ್ಟುವಲ್ಲಿಗೆ ಮುಗಿಯುತ್ತದೆ. ಆದರೂ ಈ ಪತ್ರದಲ್ಲಿ ನಾನು ನಿನಗೆ ಲೆಕ್ಕ ಹೇಳಿಕೊಡುವವಳು. ಸಹಿಸಿಕೊ.

ರಾಯರ ಮಾತು ನಿನಗೆ ನೆನಪಿರಬೇಕು. ಸಿವಿಲ್ ಲೈನ್ಸಿನ ಕಚೇರಿಯಲ್ಲಿ ಕೂತು ಜೀವಮಾನವೆಲ್ಲ ನೌಕರರ ತುಟ್ಟಿಭತ್ಯೆಯ ಲೆಕ್ಕ ಹಾಕಿದವರು. ನಾಲಿಗೆಗೆ ಪರ್ಸೆಂಟ್ ಅಂಟಿಬಿಟ್ಟಿದೆ. ಇವತ್ತು ಚಳಿ ಹತ್ತು ಪರ್ಸೆಂಟ್ ಹೆಚ್ಚಾಗ್ಯದ ಅನ್ನುತ್ತಾರೆ. ಚಹಾಕ್ಕೆ ಸಕ್ಕರೆ ಇಪ್ಪತ್ತು ಪರ್ಸೆಂಟ್ ಕಡಿಮಿ ಹಾಕ್ರಿ ಅನ್ನುತ್ತಾರೆ. ಗದಗಿನ ಕಡೆಯವರು, ಮದುವೆಯಾಗದೆ ತಾಯಿಯನ್ನು ನೋಡಿಕೊಂಡು ಇದ್ದುಬಿಟ್ಟರು; ಆ ತಾಯಿ ಹೋದ ವರ್ಷದ ಹಿಂದಿನ ವರ್ಷ ತೀರಿಕೊಂಡರು. ಮೊದಲೆಲ್ಲ ಇವರ ಬಾಯಲ್ಲಿ ಪರ್ಸೆಂಟ್ ಬಂದರೆ ನನಗೆ ಮೈ ಉರಿಯುತ್ತಿತ್ತು. ನೇರವಾಗಿ ಒಂದು ಚಮಚ ಅನ್ನೋದಕ್ಕೆ ಏನು ರೋಗ ಅಂತ.

ಈಗ ನವೆಂಬರಿನ ಕಥೆಗೆ ಬರುತ್ತೇನೆ. ನಮ್ಮ ಕಾವೇರಿ–ಕೃಷ್ಣಾ ಬಳಗದ ರಾಜ್ಯೋತ್ಸವದ ಊಟ ಪ್ರತಿ ವರ್ಷ ನಾವೇ ಅಡುಗೆ ಮಾಡಿ ಬಡಿಸುವುದು ತಾನೆ. ಈ ಸಲ ಅಧ್ಯಕ್ಷೆಯಾದ ಮೃಣಾಲಿನಿ ಅವರಿಗೆ ಅದು ಹಳೆಯ ಕಾಲದ ಪದ್ಧತಿ ಅನಿಸಿತು. ಕೇಟರಿಂಗ್‌ನವರಿಗೆ ಒಪ್ಪಿಸೋಣ, ಪನೀರ್, ನಾನ್, ಎಲ್ಲರೂ ಹಾಯಾಗಿ ಕೂತು ತಿನ್ನೋಣ ಅಂದರು. ನಾನು ಸಭೆಯಲ್ಲಿ ಎದ್ದು ನಿಂತು, ನಾಗಪುರದಲ್ಲಿ ಪನೀರ್ ಸಿಗದ ದಿನ ಯಾವುದಿದೆ, ವರ್ಷಕ್ಕೊಮ್ಮೆ ಬಿಸಿಬೇಳೆ ಬಾತು ತಿನ್ನಲು ಬರುವವರ ಬಾಯಿಗೆ ನಾನ್ ತುರುಕುತ್ತೀರಾ ಅಂತ ಜಗಳಕ್ಕೇ ನಿಂತೆ. ನಿನಗೆ ನನ್ನ ಬಾಯಿ ಗೊತ್ತು. ಕೊನೆಗೆ ಒಂದು ಒಪ್ಪಂದವಾಯಿತು. ಈ ವರ್ಷ ಅಡುಗೆಮನೆ ನನ್ನ ಉಸ್ತುವಾರಿಯಲ್ಲಿ. ಏನಾದರೂ ಎಡವಟ್ಟಾದರೆ ಮುಂದಿನ ವರ್ಷದಿಂದ ಕೇಟರಿಂಗ್, ನಾನು ತುಟಿ ಬಿಚ್ಚುವ ಹಾಗಿಲ್ಲ.

ಇನ್ನೂರು ಜನಕ್ಕೆ ಅಂತ ಎಲ್ಲ ಹೊಂದಿಸಿದ್ದೆ. ಗುರುವಾರ ರಾಯರ ಫೋನು ಬಂತು. ಬುಟಿಬೋರಿಯ ಫ್ಯಾಕ್ಟರಿಗಳಲ್ಲಿರುವ ನಮ್ಮವರು ಬಸ್ ಮಾಡಿಕೊಂಡು ಬರುತ್ತಾರಂತೆ, ಐವತ್ತು ಪರ್ಸೆಂಟ್ ಏರಸ್ರಿ ಅಂದರು. ಇನ್ನೂರರ ಅರ್ಧ ನೂರು, ಒಟ್ಟು ಮುನ್ನೂರು. ಅಷ್ಟು ನನಗೂ ಬಂತು. ಶುಕ್ರವಾರವೇ ಕಿತ್ತಳೆ ಸಿಪ್ಪೆ ಗೊಜ್ಜು ಮಾಡಿಬಿಟ್ಟೆ, ಮುನ್ನೂರು ಜನಕ್ಕೆ. ಅದು ಎರಡು ದಿನ ಕೂತರೇ ರುಚಿ ಅಲ್ಲವೇ? ಶನಿವಾರ ಮತ್ತೆ ಫೋನು. ಬುಟಿಬೋರಿಯವರಿಗೆ ಶಿಫ್ಟ್ ಬದಲಾಗಿದೆ, ಬಸ್ಸು ರದ್ದು, ಐವತ್ತು ಪರ್ಸೆಂಟ್ ಇಳಸ್ರಿ. ನಾನು ಮುನ್ನೂರರ ಅರ್ಧ ಮಾಡಿದೆ. ನೂರೈವತ್ತು. ಒಂದು ಕ್ಷಣ ಅನುಮಾನ ಬಂದದ್ದು ನಿಜ. ಆದರೆ ಪರ್ಸೆಂಟಿನಲ್ಲೇ ಉಸಿರಾಡುವ ಮನುಷ್ಯ ಹೇಳಿದ ಮೇಲೆ ನಾನ್ಯಾರು ಕೇಳಲಿಕ್ಕೆ? ನಮ್ಮ ಕಡೆಯವರೂ ಯಾರೋ ಐವತ್ತು ಜನ ಮದುವೆಗೆ ಹೋಗಿರಬೇಕು ಅಂದುಕೊಂಡು ಅಕ್ಕಿ, ಬೇಳೆ, ಹಯಗ್ರೀವದ ಕಡಲೆಬೇಳೆ ಎಲ್ಲವನ್ನೂ ನೂರೈವತ್ತಕ್ಕೆ ಇಳಿಸಿ, ಉಳಿದದ್ದನ್ನು ಕಿರಾಣಿ ಅಂಗಡಿಗೆ ವಾಪಸು ಕಳಿಸಿದೆ.

ಭಾನುವಾರ ಒಂದೊಂದು ಪಂಕ್ತಿಗೆ ಐವತ್ತು ಜನ. ಮೂರನೆಯ ಪಂಕ್ತಿ ಏಳುವಾಗ ನನಗೆ ಆ ಸದ್ದು ಕೇಳಿಸಿತು: ಸೌಟು ಪಾತ್ರೆಯ ತಳ ಕೆರೆಯುವ ಸದ್ದು. ಅಡುಗೆ ಮಾಡುವವಳಿಗೆ ಅದಕ್ಕಿಂತ ಕೆಟ್ಟ ಸದ್ದಿಲ್ಲ. ಹೊರಗೆ ಇಣುಕಿದರೆ ನಾಲ್ಕನೆಯ ಪಂಕ್ತಿ ಎಲೆ ಹಾಕಿಕೊಂಡು ಕೂತಾಗಿದೆ. ಅದರಲ್ಲಿ ಬೆಳಗಿನಿಂದ ಕುಣಿದು ಸುಸ್ತಾದ ಮಕ್ಕಳು, ಬಡಿಸಿ ಬಡಿಸಿ ಸೊಂಟ ಹಿಡಿದುಕೊಂಡವರು, ನಟ್ಟನಡುವೆ ಮೃಣಾಲಿನಿ ಮತ್ತು ಅವರು ಸಿವಿಲ್ ಲೈನ್ಸಿನಿಂದ ಕರೆತಂದ ಅತಿಥಿಗಳು. ನಾನು ಪಾತ್ರೆಯನ್ನು ಓರೆ ಮಾಡಿ ಮತ್ತೆ ಕೆರೆದೆ. ಅಷ್ಟರಲ್ಲಿ ಮೃಣಾಲಿನಿ ಎದ್ದು ಅಡುಗೆಮನೆಗೇ ಬಂದರು. ಪಾತ್ರೆ ನೋಡಿದರು, ನನ್ನನ್ನು ನೋಡಿದರು. ಇವರಿಗೆಲ್ಲ ಏನು ಬಡಿಸ್ತೀರಾ ವಸುಧಾ, ಸ್ವಾಗತ ಭಾಷಣಾನಾ ಅಂತ ಕೇಳಿದರು.

ರಾಯರು ಅವರ ಹಿಂದೆಯೇ ಬಂದರು. ಏರಿದ್ದು ಐವತ್ತು, ಇಳಿದದ್ದು ಐವತ್ತು, ಬರೋಬರ್ ಆತಲ್ರೀ, ಹ್ಯಾಂಗ ಕಡಿಮಿ ಬಿತ್ತು ಅಂದರು. ನಾನು ಸಿಡುಕಿದೆ. ನೀವು ಏರಿಸಿ ಅಂದಾಗ ಏರಿಸಿದೆ, ಇಳಿಸಿ ಅಂದಾಗ ಇಳಿಸಿದೆ, ಮುನ್ನೂರರಲ್ಲಿ ಐವತ್ತು ಪರ್ಸೆಂಟ್ ಇಳಿಸಿದರೆ ಇನ್ನೇನು ಉಳಿಯುತ್ತೆ ನೀವೇ ಹೇಳಿ ಅಂದೆ. ಅವರು ಅಡುಗೆ ಕಟ್ಟೆಯ ಮೇಲೆ ಚೆಲ್ಲಿದ್ದ ಹಿಟ್ಟಿನಲ್ಲಿ ಬೆರಳಿನಿಂದ ಬರೆದರು. ಇನ್ನೂರು. ಮುನ್ನೂರು. ಅಲ್ಲಿ ಬೆರಳು ನಿಂತಿತು. ಪಾಪ, ಮುಖ ಬಿಳುಚಿಕೊಂಡು ಅಲ್ಲೇ ಇದ್ದ ಖಾಲಿ ಎಣ್ಣೆ ಡಬ್ಬದ ಮೇಲೆ ಕೂತುಬಿಟ್ಟರು. ಏರುವಾಗ ಇನ್ನೂರರ ಮೇಲೆ ಐವತ್ತು, ಇಳಿಯುವಾಗ ಮುನ್ನೂರರ ಮೇಲೆ ಐವತ್ತು. ಅವರು ಎರಡನ್ನೂ ಒಂದೇ ಅಂದುಕೊಂಡಿದ್ದರು. ಆಮೇಲೆ ಒಂದು ಮಾತು ಹೇಳಿದರು ನೋಡು, ಆ ಸಂಕಟದಲ್ಲೂ ನನಗೆ ನಗು ತಡೆಯಲಾಗಲಿಲ್ಲ. ನನ್ನ ಸರ್ವಿಸಿನಾಗ ತುಟ್ಟಿಭತ್ಯೆ ಬರೇ ಏರೇದರೀ, ಒಮ್ಮೆನೂ ಇಳಿದಿಲ್ಲ, ಇಳಿಸೋ ಲೆಕ್ಕ ಮಾಡೋ ಪಾಳಿ ನನಗ ಬಂದೇ ಇಲ್ಲ ಅಂದರು.

ನಗು ಬಂದದ್ದೇ ಒಳ್ಳೆಯದಾಯಿತು, ತಲೆ ಓಡಿತು. ತಿರುಗಿ ನೋಡಿದರೆ ಮೂಲೆಯಲ್ಲಿ ಗೊಜ್ಜಿನ ಕೊಳಗ. ಏರಿಸಿದ ದಿನವೇ ಮಾಡಿಟ್ಟದ್ದು, ಇಳಿಸಲು ಆಗದೆ ಉಳಿದದ್ದು, ಅರ್ಧಕ್ಕರ್ಧ ಹಾಗೇ ಇದೆ. ಅನ್ನವಿಲ್ಲ, ಗೊಜ್ಜಿದೆ. ಸಭಾಂಗಣದ ಗೇಟಿನ ಹೊರಗೆ ಏನಿದೆ? ನಾಗಪುರದ ಯಾವ ಗೇಟಿನ ಹೊರಗೂ ಇರುವುದೇ ಅಲ್ಲಿಯೂ ಇತ್ತು: ಗಜಾನನ ಭಾವೂನ ತರ್ರಿ ಪೋಹೆಯ ಗಾಡಿ. ಪೋಹೆ ಅಂದರೆ ಅವಲಕ್ಕಿ ತಾನೆ! ನಾನು ಕಿರುಚಿದೆ. ರಾಯರೇ ಓಡಿ, ನೆನೆಸಿದ ಅವಲಕ್ಕಿ ಎಷ್ಟಿದೆಯೋ ಅಷ್ಟೂ ತನ್ನಿ, ಪರ್ಸೆಂಟ್ ಕೇಳಬೇಡಿ, ಅಷ್ಟೂ.

ಅರವತ್ತು ದಾಟಿದ ಮನುಷ್ಯ ಹಾಗೆ ಓಡುವುದನ್ನು ನಾನು ನೋಡಿರಲಿಲ್ಲ. ಒಂದು ಕೈ ಅವರದ್ದು, ಇನ್ನೊಂದು ಕೈ ಗಜಾನನ ಭಾವೂನದ್ದು, ನಡುವೆ ಅಷ್ಟಗಲದ ಬುಟ್ಟಿ. ಭಾವೂಗೆ ಒಂದೇ ಚಿಂತೆ, ತನ್ನ ಕೆಂಪು ಖಾರದ ರಸದ್ದು. ತರ್ರಿ ಇಲ್ಲದೆ ಪೋಹೆ ಯಾರು ತಿನ್ನುತ್ತಾರೆ ತಾಯಿ, ತರ್ರಿಯನ್ನೂ ತರುತ್ತೇನೆ ಅಂತ ಮರಾಠಿಯಲ್ಲಿ ಅಂಗಲಾಚುತ್ತಿದ್ದ. ನಾನು ಸಾಸಿವೆ, ಕಡಲೆಬೀಜ, ಕರಿಬೇವು ಹಾಕಿ ಒಗ್ಗರಣೆ ಕೊಟ್ಟು ಗೊಜ್ಜು ಸುರಿದು ಅವಲಕ್ಕಿ ಕಲಸಿದೆ. ಕಿತ್ತಳೆಯ ಹುಳಿ, ಸಿಪ್ಪೆಯ ಒಗರು, ಬೆಲ್ಲದ ಸಿಹಿ. ಭಾವೂ ಒಂದು ತುತ್ತು ಬಾಯಿಗೆ ಹಾಕಿಕೊಂಡ. ಮತ್ತೆ ತರ್ರಿಯ ಮಾತೆತ್ತಲಿಲ್ಲ.

ಸೌಜೂ, ನಾಲ್ಕನೆಯ ಪಂಕ್ತಿ ಗೊಜ್ಜವಲಕ್ಕಿ ತಿನ್ನುವುದನ್ನು ನೋಡಿ ಮೊದಲ ಮೂರು ಪಂಕ್ತಿಯವರು ಕೈ ತೊಳೆದವರೂ ವಾಪಸು ಬಂದು ತಟ್ಟೆ ಹಿಡಿದರು! ನಮಗೆ ಯಾಕೆ ಇಲ್ಲ ಅಂತ ತಕರಾರು. ಮೃಣಾಲಿನಿಯ ಅತಿಥಿಗಳು ಇದು ಯಾವ ಕೇಟರಿಂಗ್ ಅಂತ ಕೇಳಿದರು. ಮೃಣಾಲಿನಿ ನನ್ನ ಕಡೆ ಕೈ ತೋರಿಸಿ, ಇದು ನಮ್ಮ ವಸುಧಾ ಕೈಯಡುಗೆ ಅಂದರು. ಹೆಣ್ಣುಮಗಳು ಮಾತಿಗೆ ತಪ್ಪುವವಳಲ್ಲ. ಎಡವಟ್ಟಾಯಿತು, ನಿಜ, ಆದರೆ ಅಡುಗೆಮನೆಯಲ್ಲಿ ಅಲ್ಲ, ಫೋನಿನಲ್ಲಿ, ಅಡುಗೆಮನೆ ನಿಮ್ಮ ಹತ್ತಿರವೇ ಇರಲಿ ಅಂತ ಎಲ್ಲರೆದುರು ಮೈಕಿನಲ್ಲಿ ಹೇಳಿದರು. ಮತ್ತು ಒಂದು ನಿಯಮ: ಇನ್ನು ಮುಂದೆ ಬಳಗದಲ್ಲಿ ಊಟಕ್ಕೆ ಎಷ್ಟು ಜನ ಅನ್ನುವುದನ್ನು ತಲೆ ಎಣಿಸಿಯೇ ಹೇಳಬೇಕು, ಪರ್ಸೆಂಟಿನಲ್ಲಿ ಹೇಳಿದವರು ಪಾತ್ರೆ ತೊಳೆಯಬೇಕು. ಎಲ್ಲರೂ ರಾಯರ ಕಡೆ ತಿರುಗಿ ನಕ್ಕರು. ರಾಯರು ತೋಳು ಮಡಚಿ ನಿಜವಾಗಿಯೂ ಪಾತ್ರೆ ತೊಳೆಯಲು ಹೋದರು. ಅಲ್ಲಿಯೇ, ಆ ನಲ್ಲಿಯ ಹತ್ತಿರ, ನನಗೆ ಅವರ ಮೇಲಿನ ಸಿಟ್ಟೆಲ್ಲ ಇಳಿಯಿತು. ಎಷ್ಟು ಪರ್ಸೆಂಟ್ ಅಂತ ಕೇಳಬೇಡ.

ಸಿಟ್ಟು ಇಳಿದರೂ ಹಟ ಇಳಿಯಲಿಲ್ಲ. ಈ ಪರ್ಸೆಂಟ್ ಅನ್ನೋದನ್ನು ನನಗೆ ಸರಿಯಾಗಿ ಕಲಿಸಿ, ಇಲ್ಲವಾದರೆ ಇನ್ನು ನನಗೆ ಫೋನ್ ಮಾಡಬೇಡಿ ಅಂದೆ. ಮುಂದಿನ ಭಾನುವಾರ ಬೆಳಿಗ್ಗೆ ಒಂದು ಚೀಲ ಕಿತ್ತಳೆ ಹಿಡಿದುಕೊಂಡು ಬಂದರು. ಮೊದಲು ನಾನೂ ಕಲೀಬೇಕಾತ್ರೀ, ರಾತ್ರಿ ಕೂತು ಇಳಿಸೋದು ಅಭ್ಯಾಸ ಮಾಡೇನಿ ಅಂದರು. ಮೇಜಿನ ಮೇಲೆ ಹತ್ತು ಹಣ್ಣು ಸಾಲಾಗಿ ಇಟ್ಟರು. ಇಪ್ಪತ್ತು ಪರ್ಸೆಂಟ್ ಏರಿಸಿ ಅಂದರು. ಹತ್ತರ ಮೇಲೆ ಇಪ್ಪತ್ತು ಪರ್ಸೆಂಟ್ ಅಂದರೆ ಎರಡು, ನಾನು ಎರಡು ಹಣ್ಣು ಸೇರಿಸಿದೆ. ಹನ್ನೆರಡಾಯಿತು. ಈಗ ಇಪ್ಪತ್ತು ಪರ್ಸೆಂಟ್ ಇಳಿಸಿ ಅಂದರು. ನಾನು ಎರಡು ತೆಗೆಯಲು ಹೋದರೆ ಕೈ ಅಡ್ಡ ಇಟ್ಟರು. ಈಗ ಹನ್ನೆರಡರ ಮ್ಯಾಲೆ ಲೆಕ್ಕ ಅಂತ. ಹನ್ನೆರಡರ ಇಪ್ಪತ್ತು ಪರ್ಸೆಂಟ್ ಎರಡು ಪೂರ್ಣಾಂಕ ನಾಲ್ಕು. ಪೂರ್ಣಾಂಕ ನಾಲ್ಕು ಕಿತ್ತಳೆಯನ್ನು ಎಲ್ಲಿಂದ ತರುವುದು? ಒಂದು ಹಣ್ಣು ಸುಲಿದರು. ಅದೃಷ್ಟಕ್ಕೆ ಅದರಲ್ಲಿ ಸರಿಯಾಗಿ ಹತ್ತು ತೊಳೆ. ಎರಡು ಹಣ್ಣು, ಮೇಲೆ ನಾಲ್ಕು ತೊಳೆ ತೆಗೆದರು. ಮೇಜಿನ ಮೇಲೆ ಉಳಿದದ್ದು ಒಂಬತ್ತು ಹಣ್ಣು, ಆರು ತೊಳೆ. ಹತ್ತರಿಂದ ಹೊರಟು ಇಪ್ಪತ್ತು ಪರ್ಸೆಂಟ್ ಏರಿ, ಇಪ್ಪತ್ತು ಪರ್ಸೆಂಟ್ ಇಳಿದರೂ ಹತ್ತಕ್ಕೆ ಮರಳಲಿಲ್ಲ ನೋಡು. ಆ ನಾಲ್ಕು ತೊಳೆಯನ್ನು ನಾವಿಬ್ಬರು ಎರಡೆರಡು ತಿಂದೆವು.

ಅಲ್ಲಿಂದ ಭಾನುವಾರ ಭಾನುವಾರ ಪಾಠ. ನನಗೆ ಹುಚ್ಚೇ ಹಿಡಿಯಿತು. ಬಾಲವಾಡಿಯಲ್ಲಿ ಜೂನಿನಲ್ಲಿ ಇಪ್ಪತ್ತು ಮಕ್ಕಳಿದ್ದರು, ಈಗ ಇಪ್ಪತ್ತೈದು. ಐದನ್ನು ಇಪ್ಪತ್ತೈದರಿಂದ ಭಾಗಿಸಿ ನೂರರಿಂದ ಗುಣಿಸಿ ಇಪ್ಪತ್ತು ಪರ್ಸೆಂಟ್ ಏರಿದೆ ಅಂತ ರಾಯರಿಗೆ ಬೀಗುತ್ತಾ ತೋರಿಸಿದೆ. ಅವರು ತಲೆ ಅಲ್ಲಾಡಿಸಿದರು. ಈಗ ಎಲ್ಲಿ ಬಂದು ನಿಂತೀರಿ ಅದರಿಂದ ಭಾಗಿಸಬ್ಯಾಡ್ರಿ, ಎಲ್ಲಿಂದ ಹೊರಟ್ರಿ ಅದರಿಂದ ಭಾಗಿಸ್ರಿ ಅಂದರು. ಐದು ಭಾಗಿಸು ಇಪ್ಪತ್ತು. ಇಪ್ಪತ್ತೈದು ಪರ್ಸೆಂಟ್. ಹೊರಟ ಜಾಗವನ್ನು ಮರೆತರೆ ಏರಿಕೆಯ ಲೆಕ್ಕವೇ ಸುಳ್ಳಾಗುತ್ತದೆ ಅಂತ ಆ ದಿನ ಚೆನ್ನಾಗಿ ತಲೆಗೆ ಹೋಯಿತು. ಈಗ ದಾಸವಾಳದ ಮೊಗ್ಗು, ಬೆಳಗಿನ ವಾಕಿಂಗ್, ಕುಕ್ಕರಿನ ಸೀಟಿ, ಯಾವುದನ್ನೂ ಬಿಟ್ಟಿಲ್ಲ. ಪಕ್ಕದ ಮನೆಯ ಶುಭಾ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾಳೆ.

ಒಂದು ಸಂಜೆ ಸುಮ್ಮನೆ ನಮ್ಮ ಮನೆಯ ಲೆಕ್ಕವನ್ನೂ ಹಾಕಿದೆ. ಅಪ್ಪ ಹೋದ ಮೇಲೆ ನಾವಿಬ್ಬರಿದ್ದೆವು. ನೀನು ಮದುವೆಯಾಗಿ ಹೋದೆ, ನಾನು ಒಬ್ಬಳಾದೆ. ಐವತ್ತು ಪರ್ಸೆಂಟ್ ಇಳಿಕೆ. ಹಾಗಾದರೆ ಮತ್ತೆ ಮೊದಲಿನಷ್ಟಾಗಲು? ಐವತ್ತು ಸಾಲದು, ಪೂರ್ತಿ ನೂರು ಬೇಕು. ನನಗೆ ಅದುವರೆಗೆ ಗೊತ್ತಾಗಿರಲಿಲ್ಲ ಸೌಜೂ. ನಾನು ಭಜನೆ, ಧಾರಾವಾಹಿ, ಬಾಲ್ಕನಿಯ ಗಿಡ ಅಂತ ಐದು ಐದು, ಹತ್ತು ಹತ್ತು ಪರ್ಸೆಂಟ್ ಸೇರಿಸಿಕೊಳ್ಳುತ್ತಾ, ಇಷ್ಟೆಲ್ಲ ಇದ್ದೂ ಸಂಜೆಯಾದರೆ ಮನೆ ಯಾಕೆ ತುಂಬುವುದಿಲ್ಲ ಅಂತ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ನೀನು ಹೋದದ್ದಕ್ಕೆ ದೂರುತ್ತಿಲ್ಲ, ಹಾಗೆ ಓದಿಕೊಳ್ಳಬೇಡ. ನೀನು ಹೋಗಲೇಬೇಕಿತ್ತು, ನಾನೇ ಅಕ್ಷತೆ ಹಾಕಿ ಕಳಿಸಿದೆ. ಭಾನುವಾರ ಹತ್ತು ಗಂಟೆಗೆ ಬೆಲ್ ಆದರೆ ಮನೆ ತುಂಬುತ್ತದೆ, ಅಷ್ಟೇ ನಾನು ಹೇಳುವುದು. ಖುಷಿಯಾಗುತ್ತದೆ. ಈ ವಯಸ್ಸಿನಲ್ಲಿ ಇಷ್ಟು ಖುಷಿಯಾಗುತ್ತದೆ ಅಂತ ಬರೆಯಲು ನಾಚಿಕೆಯಾಗಬೇಕಿತ್ತು, ಆಗುತ್ತಿಲ್ಲ.

ಸಂಕ್ರಾಂತಿಯ ಸಂಜೆ ಎಳ್ಳು ಬೆಲ್ಲ ತಂದರು. ಕೂತರು, ಎದ್ದರು, ನೀರು ಕೇಳಿದರು, ಕುಡಿಯಲಿಲ್ಲ. ಆಮೇಲೆ, ವಸುಧಾ ಅವರೆ, ಇದರ ಲೆಕ್ಕ ನನಗ ಬರೂದಿಲ್ಲ, ನೀವು ನನ್ನ ಮದುವಿ ಆಗ್ತೀರೇನು ಅಂದರು. ಪರ್ಸೆಂಟ್ ಇಲ್ಲದೆ ಅವರ ಬಾಯಿಂದ ಬಂದ ಮೊದಲ ವ್ಯವಹಾರದ ಮಾತು ಅದು.

ಆ ಮಫ್ಲರನ್ನು ಅವರು ಬೇಕೆಂದು ಅಲ್ಲಿ ಹಾಕಿದ್ದಲ್ಲ. ಪಾಠದ ದಿನ ಬಿಸಿಲೇರಿದಾಗ ತೆಗೆದು, ಕಂಡ ಗೂಟಕ್ಕೆ ಹಾಕಿ, ಮರೆತು ಹೋಗಿದ್ದರು. ನಾನು ನೋಡಿದೆ. ತೆಗೆಯಬೇಕು ಅಂತ ಕೈ ಎತ್ತಿದೆ, ತೆಗೆಯಲಿಲ್ಲ. ಖಾಲಿ ಗೂಟದ ಮೇಲೆ ಏನೋ ಒಂದು ಇದ್ದದ್ದು ಕಣ್ಣಿಗೆ ಹಿತವಾಗಿತ್ತು. ನಿನ್ನ ಕಣ್ಣಿಗೆ ಅದು ಹೇಗೆ ಕಂಡಿರಬಹುದು ಅಂತ ನೀನು ಅದನ್ನು ಮಡಚುವಾಗ ತಿಳಿಯಿತು. ನೀನು ಮಡಚಿಟ್ಟದ್ದನ್ನು ಅವರಿಗೆ ಹೇಳಿದೆ. ಅಂದಿನಿಂದ ಅವರು ಇಲ್ಲಿ ಬಂದರೆ ಎಷ್ಟು ಬೆವರಿದರೂ ಮಫ್ಲರನ್ನು ಕುತ್ತಿಗೆಯಿಂದ ತೆಗೆಯುವುದಿಲ್ಲ.

ನಿಮ್ಮಪ್ಪನನ್ನು ಅಳಿಸಿ ನಾನು ಏನನ್ನೂ ಬರೆಯುವುದಿಲ್ಲ ಮಗಳೇ. ಅವರು ನಾನು ಹೊರಟ ಜಾಗ. ಹಾಸನದಿಂದ ಈ ಬಿಸಿಲೂರಿಗೆ ಕರೆತಂದವರು, ಹಿಂದಿ ಬಾರದ ನನ್ನನ್ನು ಬಾಲವಾಡಿ ಕೆಲಸಕ್ಕೆ ಹಟ ಹಿಡಿದು ಕಳಿಸಿದವರು, ನಿನ್ನನ್ನು ಕೊಟ್ಟವರು. ಇನ್ನು ನನ್ನ ಬದುಕಿಗೆ ಏನು ಸೇರಿದರೂ ಅವರ ಮೇಲೆಯೇ ಎಣಿಸುವುದು. ಹಾಗಲ್ಲದೆ ಬೇರೆ ಲೆಕ್ಕ ನನಗೆ ಬರುವುದೂ ಇಲ್ಲ.

ಶುಭಾ ಏನನ್ನುತ್ತಾಳೆ, ಬಳಗದಲ್ಲಿ ಏನನ್ನುತ್ತಾರೆ, ಅದು ನನಗೆ ಲೆಕ್ಕಕ್ಕಿಲ್ಲ. ಅಂದುಕೊಳ್ಳಲಿ. ನನಗಿರುವ ಹೆದರಿಕೆ ಒಂದೇ. ನೀನು ಇನ್ನು ಮುಂದೆಯೂ ನನ್ನ ಮನೆಗೆ ಅತಿಥಿಯಾಗಿ ಬಂದು, ಥ್ಯಾಂಕ್ಸ್ ಹೇಳಿ ಹೋಗಿಬಿಟ್ಟರೆ? ಅದು ನನ್ನಿಂದ ತಡೆಯಲಾಗದು. ಆದ್ದರಿಂದ ಕೇಳುತ್ತಿದ್ದೇನೆ. ನೀನು ಬೇಡ ಅಂದರೆ ಬೇಡ, ರಾಯರಿಗೂ ಹಾಗೇ ಹೇಳಿದ್ದೇನೆ, ಅವರು ಒಪ್ಪಿದ್ದಾರೆ. ಆದರೆ ಬೇಡ ಅನ್ನುವುದಾದರೆ ಯಾಕೆ ಅಂತ ಜೋರಾಗಿ ಬೈದು ಹೇಳು. ಚಿಕ್ಕವಳಿದ್ದಾಗ ಚಪ್ಪಲಿ ಎಸೆದು ಜಗಳ ಆಡುತ್ತಿದ್ದೆಯಲ್ಲ, ಹಾಗೆ. ಮೆತ್ತಗೆ ಮಾತ್ರ ಮಾತಾಡಬೇಡ.

ಅಶ್ವಿನ್‌ಗೆ ಸ್ವೆಟರ್ ಹೆಣೆಯುತ್ತಿದ್ದೇನೆ, ತೋಳು ಒಂದು ಬಾಕಿ. ಕಿತ್ತಳೆ ಸಿಪ್ಪೆ ಒಣಗಿಸಿ ಡಬ್ಬಿಗೆ ಹಾಕಿಟ್ಟಿದ್ದೇನೆ, ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇನೆ. ಹೊಟ್ಟೆ ತುಂಬ ಊಟ ಮಾಡು, ಬ್ಯಾಂಕಿನಲ್ಲಿ ಮಧ್ಯಾಹ್ನ ಬಿಸ್ಕತ್ತು ತಿಂದು ಮುಗಿಸಬೇಡ.

ನಿನ್ನ ಉತ್ತರಕ್ಕೆ ದಾರಿ ಕಾಯುವ,
ನಿನ್ನ ಅಮ್ಮ
ವಸುಧಾ

ತಾ.ಕ.: ಕಳ್ಳೀ! ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಬೆಲ್ ಆಯಿತು. ಬಾಗಿಲು ತೆಗೆದರೆ ರಾಯರು. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ಜಬಲ್‌ಪುರದಿಂದ ಅವರ ಮನೆಗೆ ಬಂದ ಪಾರ್ಸಲ್. ಒಳಗೆ ಹಿತ್ತಾಳೆಯ ಗೂಟ, ಜೊತೆಗೆ ನಿನ್ನ ಕೋಳಿ ಕಾಲಿನ ಕನ್ನಡದಲ್ಲಿ ಒಂದು ಚೀಟಿ: ಅಂಕಲ್, ಮಫ್ಲರ್ ಇದರ ಮೇಲೆ ಹಾಕಿ, ಅಪ್ಪನ ಗೂಟದ ಪಕ್ಕ ಹೊಡೆಯಿರಿ, ಅಮ್ಮನಿಗೆ ನಾನು ಹೇಳಿದೆ ಅಂತ ಹೇಳಿ. ಹಾಗಾದರೆ ಮಫ್ಲರ್ ಯಾರದ್ದು ಅಂತ ನೀನು ಅವತ್ತೇ ಗುರುತು ಹಿಡಿದಿದ್ದೆ! ನಾನು ಬಾಗಿಲಲ್ಲೇ ನಿಂತು ಅತ್ತೆ, ರಾಯರು ಗಾಬರಿಯಾಗಿ ಸುತ್ತಿಗೆಯನ್ನು ಕಾಲ ಮೇಲೆ ಬೀಳಿಸಿಕೊಂಡರು. ಗೂಟ ಸ್ವಲ್ಪ ಸೊಟ್ಟಗೆ ಕೂತಿದೆ. ಹಳೆಯದು ಇದ್ದಲ್ಲೇ ಇದೆ, ಪಕ್ಕದಲ್ಲಿ ಹೊಸದು. ಒಂದಿದ್ದದ್ದು ಎರಡಾಯಿತು, ಶೇಕಡಾ ನೂರು ಏರಿಕೆ. ನಾನು ಹ್ಞೂಂ ಅಂದುಬಿಟ್ಟೆ. ಈ ಪತ್ರ ಇನ್ನು ಬೇಕಾಗಿಲ್ಲ, ಆದರೂ ನಿನ್ನ ಒತ್ತಕ್ಷರದ ಅಭ್ಯಾಸಕ್ಕೆ ಅಂತ ಕಳಿಸುತ್ತಿದ್ದೇನೆ. ಮದುವೆಯ ಊಟಕ್ಕೆ ಕೇಟರಿಂಗ್ ಇಲ್ಲ, ನನ್ನ ಮದುವೆಗೆ ನಾನೇ ಗೊಜ್ಜವಲಕ್ಕಿ ಮಾಡುವವಳು. ನಿಮ್ಮ ಕಡೆಯಿಂದ ಎಷ್ಟು ಜನ ಬರುತ್ತೀರಿ ಅಂತ ಬೇಗ ತಿಳಿಸು. ತಲೆ ಎಣಿಸಿ ಹೇಳು, ಪರ್ಸೆಂಟಿನಲ್ಲಿ ಹೇಳಿದರೆ ಪಾತ್ರೆ ನೀನೇ ತೊಳೆಯಬೇಕು.